ಅಕ್ಕೋರ ಕೋಣೆಯ ಕರಡಿಗೆ

ದಿವ್ಯಾಳ ಕೊರಳಲ್ಲಿ ಕರಡಿಗೆ ಇರಲಿಲ್ಲ. ತಿಂಗಳಿಗೊಮ್ಮೆ ಹಾಸ್ಟೆಲಿನಿಂದ ಕಿರವತ್ತಿಗೆ ಬರುವ ಮಗಳ ತಲೆಗೆ ಶನಿವಾರ ಸಂಜೆ ಎಣ್ಣೆ ಹಚ್ಚಲು ಕೂತ ಗಿರಿಜವ್ವನ ಕೈ ಅಲ್ಲೇ ನಿಂತಿತು. ಏಳನೇ ವಯಸ್ಸಿಗೆ ಲಿಂಗಧಾರಣೆಯಾದಾಗಿನಿಂದ ಆ ಬೆಳ್ಳಿ ಕರಡಿಗೆ, ಅದರೊಳಗಿನ ಇಷ್ಟಲಿಂಗ, ಹುಡುಗಿಯ ಮೈಬಿಟ್ಟು ಹೋದದ್ದೇ ಇಲ್ಲ.

"ಎಲ್ಲೈತಿ?"

"ಅಕ್ಕೋರ ಕೋಣ್ಯಾಗ ಐತಿ," ಎಂದ ದಿವ್ಯಾ ಎದ್ದು ಒಳಗೆ ಹೋದಳು.

ಅಕ್ಕೋರೆಂದರೆ ಯಲ್ಲಾಪುರದ ಕನ್ಯಾಸ್ತ್ರೀ ಸಿಸ್ಟರ್ ರೊಜಾಲಿನ್. ಹುಟ್ಟಿದ್ದು ಸಿದ್ದಾಪುರದ ಹೇರೂರು ಕಡೆ, ಬಡಗಿಯ ಮನೆಯಲ್ಲಿ. ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತ, ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತ, ರಜೆ ಬಂದರೆ ಶಾಲೆ ಬಿಟ್ಟ ಹುಡುಗಿಯರನ್ನು ಹುಡುಕಿಕೊಂಡು ಊರೂರು ತಿರುಗುವ ಹೆಂಗಸು. ತಿರುಗಿ ಇವಳಿಗೇನು ಬರಬೇಕು ಎಂಬುದೇ ಗಿರಿಜವ್ವನ ಗುಮಾನಿ. ಧಾಬಾಗಳಿಗೆ ರೊಟ್ಟಿ ಬಡಿದುಕೊಡುವ ಕೆಲಸಕ್ಕೆಂದು ದಿವ್ಯಾಳನ್ನು ಶಾಲೆ ಬಿಡಿಸಿದ್ದಾಗ ಹೀಗೆಯೇ ಬಂದಿದ್ದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ರೊಟ್ಟಿ ತಿಂದು, ಹೊಗಳಿ, ಹುಡುಗಿಯನ್ನು ಕರೆದುಕೊಂಡು ಹೋದಳು. ಸುಮ್ಮಸುಮ್ಮನೆ ಯಾರಾದರೂ ಅಷ್ಟು ಹೊಗಳುತ್ತಾರೆಯೇ? ಮೊನ್ನೆ ಸಂಗಯ್ಯ, ಊರವರಿಗೆಲ್ಲ ಲಿಂಗ ಕಟ್ಟುವ ಅಯ್ಯ, ಅಕ್ಕೋರ ಕಾನ್ವೆಂಟಿನ ಗೇಟು ದಾಟುವುದನ್ನು ಯಾರೋ ನೋಡಿದ್ದರು. ಅಯ್ಯನೂ ಕೆಟ್ಟ ಎಂದು ಗಿರಿಜವ್ವ ತೀರ್ಮಾನಿಸಿಬಿಟ್ಟಳು.

ಸೋಮವಾರ ಮೊದಲ ಬಸ್ಸಿಗೆ ಮಗಳನ್ನು ಎಳೆದುಕೊಂಡು ಹೊರಟಳು. ಎಸ್ಸೆಸ್ಸೆಲ್ಸಿ ಹಾಳಾಗಿ ಹೋಗಲಿ, ಟಿ.ಸಿ. ತಗೊಂಡೇ ಬರುವುದು.

"ಲಿಂಗ ಬಿಚ್ಚಿಸೀರಿ. ಇನ್ನ ಶಿಲುಬಿ ಯಾವಾಗ ಹಾಕ್ತೀರಿ?" ಕೋಣೆಗೆ ಕಾಲಿಡುತ್ತಲೇ ಕೇಳಿದಳು.

ಸಿಸ್ಟರ್ ಕಪಾಟು ತೆರೆದು ಒಂದು ಹಿತ್ತಾಳೆ ತಟ್ಟೆ ತಂದಿಟ್ಟರು. ಬಿಳಿ ವಸ್ತ್ರದ ಮೇಲೆ ಕರಡಿಗೆ, ಪಕ್ಕದಲ್ಲಿ ವಿಭೂತಿಗಟ್ಟಿ.

"ಬಿಚ್ಚಿಸಿದ್ದು ನಾನಲ್ಲ, ಗಿರಿಜವ್ವ. ಎಂಟು ದಿನದ ಹಿಂದೆ ಅವಳೇ ತಂದು ನನ್ನ ಮೇಜಿನ ಮೇಲಿಟ್ಟಳು. ನನ್ನ ಹಾಗೆ ಸಿಸ್ಟರ್ ಆಗ್ತಾಳಂತೆ."

ಗಿರಿಜವ್ವ ಮಗಳತ್ತ ತಿರುಗಿದಳು. ದಿವ್ಯಾ ನೆಲ ನೋಡುತ್ತಿದ್ದಳು.

"ಅದಕ್ಕ ನೀವೇನಂದ್ರಿ?"

"ಬೇಡ ಅಂದೆ. ಡಿಗ್ರಿ ಮುಗಿಸು, ಅಮ್ಮನ ಎದುರು ನಿಂತು ಕೇಳುವ ಧೈರ್ಯ ಬರಲಿ, ಆಮೇಲೆ ನೋಡೋಣ ಅಂದೆ. ನಾನು ಹದಿನೇಳಕ್ಕೆ ಮನೆಯಲ್ಲಿ ಹೇಳದೆ ಬಂದವಳು. ನಮ್ಮಮ್ಮ ಹನ್ನೊಂದು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ." ಸಿಸ್ಟರ್ ಕನ್ನಡಕ ಒರೆಸಿಕೊಂಡರು. "ಕೊರಳಿಗೆ ಹಾಕ್ಕೋ ಅಂದರೆ ಕೇಳಲಿಲ್ಲ. ಸಂಗಯ್ಯನವರನ್ನು ಕರೆಸಿ ವಿಚಾರಿಸಿದೆ. ಲಿಂಗಕ್ಕೆ ಪೂಜೆ ತಪ್ಪಬಾರದು, ಧರಿಸಿದವಳೇ ಮಾಡಬೇಕು, ಅಲ್ಲಿವರೆಗೆ ಬಾಯಿಗೆ ಏನೂ ಹಾಕಬಾರದು ಅಂದರು. ದಿನಾ ಬೆಳಿಗ್ಗೆ ಇಲ್ಲೇ ಕೂರಿಸಿ ಮಾಡಿಸಿದೆ. ನೀನು ಮಾಡದಿದ್ದರೆ ನಾನೂ ಉಣ್ಣುವುದಿಲ್ಲ ಅಂತ ಹೆದರಿಸಿದೆ. ಶನಿವಾರ ಮಾತ್ರ ಇದನ್ನು ಇಲ್ಲೇ ಬಿಟ್ಟು ಊರಿಗೆ ಓಡಿಬಿಟ್ಟಳು."

ಮಾತು ಯಾರು ಬೇಕಾದರೂ ಆಡಬಹುದು. ಗಿರಿಜವ್ವ ಕರಡಿಗೆ ತೆರೆದು ನೋಡಿದಳು. ಲಿಂಗದ ಮೇಲೆ ವಿಭೂತಿ ಇತ್ತು. ಆದರೂ ಬಿಡಲಿಲ್ಲ.

"ನಿನ್ನೆ ಇಕಿ ನನ್ನ ಮನ್ಯಾಗಿದ್ಳು. ನಿನ್ನೆ ಪೂಜಿ ಯಾರು ಮಾಡಿದ್ರು?"

"ಯಾರೂ ಮಾಡಲಿಲ್ಲ," ಎಂದರು ಸಿಸ್ಟರ್.

ಬಾಗಿಲಲ್ಲಿ ನಿಂತಿದ್ದ ಅಡುಗೆಯ ದೇವಕ್ಕ ತಡೆಯಲಾರದೆ ಅಂದಳು: "ಹಂಗಾರ ಅದರ ಸಲುವಾಗೇನ್ರಿ? ನಿನ್ನಿಯಿಂದ ಅಕ್ಕೋರು ಬರೇ ನೀರು ಕುಡದಾರ. ಯಾಕಂದ್ರ ನನಗೂ ಹೇಳವಲ್ರು."

ಗಿರಿಜವ್ವ ಕರಡಿಗೆ ಮುಚ್ಚಿ ತಟ್ಟೆಗಿಟ್ಟಳು. ತಪ್ಪಾಯಿತು ಅನ್ನುವುದು ಅವಳ ಜಾಯಮಾನವಲ್ಲ, ಅನ್ನಲೂ ಇಲ್ಲ. ಟಿ.ಸಿ.ಯ ಮಾತೂ ಎತ್ತಲಿಲ್ಲ. ಮಗಳಿಗೆಂದು ಕಟ್ಟಿ ತಂದಿದ್ದ ರೊಟ್ಟಿಗಂಟನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ದಿವ್ಯಾಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಲಗೂನ ಜಳಕಾ ಮಾಡಿ ಪೂಜಿಗೆ ಕೂಡು," ಎಂದಳು. "ಅಕ್ಕೋರು ಹಸದಾರ."