ಕೀಲಿನ ಸದ್ದು, ಹಗ್ಗದ ಸದ್ದು

ಮೋಟಾರಿನ ಸದ್ದಿನ ವಿಷಯದಲ್ಲಿ ಯಾರಾದರೂ ನನ್ನ ಎದುರು ಮಾತಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವಯಸ್ಸಾಯಿತು, ಕಣ್ಣು ಮಂಜಾದವು, ಕಿವಿಯ ಸೊಕ್ಕು ಮಾತ್ರ ಇಳಿದಿಲ್ಲ. ಇಳಿಸುವ ಮನಸ್ಸೂ ನನಗಿಲ್ಲ. ಆ ಕಿವಿಯಲ್ಲಿ ಅರ್ಧ ನನ್ನದು, ಇನ್ನರ್ಧ ಅಲ್ಲಿಯವರೆಗೆ ಒಮ್ಮೆಯೂ ಮೋಟಾರು ಹತ್ತದಿದ್ದ ಒಬ್ಬ ಮುದುಕಿ ಕೊಟ್ಟದ್ದು.

ಎರಡನೆಯ ಮಹಾಯುದ್ಧದ ಕಾಲ. ಹಾನಗಲ್ಲಿನ ಒಬ್ಬ ಸಾವುಕಾರರ ಸರ್ವೀಸ್ ಮೋಟಾರನ್ನು, ಅಂದರೆ ಬಸ್ಸನ್ನು, ನಾನು ಓಡಿಸುತ್ತಿದ್ದೆ. ಬೆಳಿಗ್ಗೆ ಹಾನಗಲ್ಲಿನಿಂದ ಶಿಗ್ಗಾಂವಿ, ಅಲ್ಲಿಂದ ಸವಣೂರು, ಸಂಜೆಗೆ ಮರಳಿ ಹಾನಗಲ್ಲು. ಪೆಟ್ರೋಲು ಸಿಗುತ್ತಿರಲಿಲ್ಲ. ಗಾಡಿಯ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಹೊಗೆಯ ಬಲದ ಮೇಲೆ ಓಡಿಸುತ್ತಿದ್ದೆವು. ಗಾಡಿ ನನ್ನ ಕೈಗೆ ಬರುವಾಗಲೇ ಮುದಿಯಾಗಿತ್ತು. ಆದರೆ ಅದರ ಒಂದೊಂದು ಕೆಮ್ಮೂ ನನಗೆ ಗೊತ್ತಿತ್ತು. ಹಿರೇಕೆರೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣನ ನೇಗಿಲು ಬಿಟ್ಟು, ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಮೂರು ವರ್ಷ ಬೈಸಿಕೊಂಡು ಕಲಿತವನು ನಾನು. ಊರು ಬಿಡುವ ದಿನ ಅಣ್ಣ, ಎತ್ತಿನ ಮಾತೇ ತಿಳಿಯದವನಿಗೆ ಕಬ್ಬಿಣದ ಮಾತು ತಿಳಿಯುತ್ತದೇನು ಎಂದು ನಕ್ಕಿದ್ದ. ಆ ನಗು ನನ್ನ ಬೆನ್ನಿಗೆ ಅಂಟಿಕೊಂಡಿತ್ತು.

ಆ ವರ್ಷ ಗಾಡಿಗೆ ಹೊಸ ಸದ್ದೊಂದು ಹುಟ್ಟಿತು. ಕಿರ್ರೆಂದು ಒದರುವ, ಹಲ್ಲು ಜುಮ್ಮೆನಿಸುವ ಸದ್ದು. ಇಂಜಿನ್ನಿನ ಮುಂದೆ ಒಂದು ರಬ್ಬರಿನ ಬೆಲ್ಟು ಇರುತ್ತದೆ. ಇಂಜಿನ್ನು ಅದನ್ನು ತಿರುಗಿಸಿದರೆ ಅದು ಡೈನಮೋವನ್ನೂ, ಫ್ಯಾನನ್ನೂ, ನೀರಿನ ಪಂಪನ್ನೂ ತಿರುಗಿಸುತ್ತದೆ. ಫ್ಯಾನು, ಪಂಪು ಎರಡೂ ಒಂದೇ ಕಬ್ಬಿಣದ ದಂಡದ ಮೇಲಿರುತ್ತವೆ. ಸದ್ದು ಬೆಲ್ಟಿನದೋ, ಅದು ಎಳೆಯುವ ಗಾಲಿಗಳದೋ ಎಂದು ತಿಳಿಯಲು ಗ್ಯಾರೇಜಿನಲ್ಲಿ ಒಂದು ಉಪಾಯ ಕಲಿಸಿದ್ದರು. ಓಡುತ್ತಿರುವ ಬೆಲ್ಟಿನ ಮೇಲೆ ತಂಬಿಗೆಯಿಂದ ನಾಲ್ಕು ಹನಿ ನೀರು ಬಿಡಬೇಕು. ಸದ್ದಿನಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಗಾಲಿಗಳನ್ನು ನೋಡಬೇಕು. ಹೆಚ್ಚಾದರೆ ಬೆಲ್ಟು ಜಾರುತ್ತಿದೆ ಎಂದು ಅರ್ಥ. ನಾನು ನೀರು ಬಿಟ್ಟೆ, ಸದ್ದು ಹೆಚ್ಚಾಯಿತು. ಬೆಲ್ಟಿನದೇ ಸದ್ದು, ಮತ್ತೇನೂ ಇಲ್ಲ ಎಂದು ಸಾವುಕಾರರಿಗೆ ಎದೆಯುಬ್ಬಿಸಿ ಹೇಳಿ, ಬೆಲ್ಟನ್ನು ಬಿಗಿ ಮಾಡಿ ಕೈ ಒರೆಸಿಕೊಂಡೆ.

ನನ್ನ ಮರ್ಯಾದೆ ಹೋಗಲು ಶುರುವಾದದ್ದು ಆಮೇಲೆ. ಬೆಳಿಗ್ಗೆ ಸಾವುಕಾರರ ಅಂಗಳದಿಂದ ಹೊರಡುವಾಗ ಗಾಡಿ ಸಾಧುವಿನಂತೆ ಸುಮ್ಮನಿರುತ್ತಿತ್ತು. ನಡುದಾರಿಯ ದುಂಡಸಿ ಬರುವಷ್ಟರಲ್ಲಿ ಒದರಾಟ, ಶಿಗ್ಗಾಂವಿ ಮುಟ್ಟುವಷ್ಟರಲ್ಲಿ ರೇಡಿಯೇಟರಿನ ನೀರು ಕೊತಕೊತ. ಬೆಲ್ಟು ಜಾರಿದರೆ ಪಂಪು ತಿರುಗುವುದಿಲ್ಲ, ಪಂಪು ನಿಂತರೆ ಇಂಜಿನ್ನು ಕಾದು ಸೀಳಿಹೋಗುತ್ತದೆ. ಯುದ್ಧದ ಕಾಲದಲ್ಲಿ ಹೊಸ ಬೆಲ್ಟು ಹುಬ್ಬಳ್ಳಿಯಲ್ಲೂ ಇರಲಿಲ್ಲ. ಇದ್ದದ್ದು ಇದೊಂದೇ. ಪ್ರಯಾಣಿಕರು ಕೆಳಗಿಳಿದು ಬೇವಿನ ಗಿಡದ ನೆರಳಿಗೆ ಕೂಡುವರು, ನಾನು ಸುಡುವ ಬಾನೆಟ್ ಎತ್ತಿ ನಿಲ್ಲುವೆನು. ಅಂಟುವಾಳದ ನೀರಿನಲ್ಲಿ ಬೆಲ್ಟು ತೊಳೆದೆ, ಸುಣ್ಣದ ಪುಡಿ ಉಜ್ಜಿದೆ, ಇನ್ನೂ ಬಿಗಿ ಮಾಡಿದೆ. ಸ್ವಲ್ಪ ಹೊತ್ತು ಸರಿಯಾಗುವುದು, ಆಮೇಲೆ ಮತ್ತೆ ಅದೇ ಹಾಡು.

ಸಾವುಕಾರರು ಮಾತಿಗಿಂತ ಮೌನದಲ್ಲೇ ಹೆದರಿಸುವ ಮನುಷ್ಯ. ಆ ಸಲ ಮಾತೇ ಆಡಿದರು. ಎಂಟು ದಿನಕ್ಕೆ ಅವರ ತಾಯಿಯ ತವರುಮನೆಯಲ್ಲಿ, ಮಾಸೂರಿನಲ್ಲಿ, ಮದುವೆಯಿತ್ತು. ತಾಯಿಯನ್ನು ಮೊದಲ ಸಲ ಸ್ವಂತ ಮೋಟಾರಿನಲ್ಲಿ ತವರಿಗೆ ಕರೆದೊಯ್ಯಬೇಕೆಂದು ಅವರ ಆಸೆ. ನಾನು ಬೆಲ್ಟು ಹಳೆಯದಾಗಿದೆ ಎಂದು ಶುರು ಮಾಡಿದ್ದೆ, ಅವರು ಕೈಯೆತ್ತಿ ತಡೆದರು.

"ಕುಣೀಲಾರದಕಿ ಅಂಗಳ ಡೊಂಕ ಅಂದ್ಲಂತ. ಹಂಗಾತು ನಿಂದು. ಮಾಸೂರಾಗ ನಮ್ಮವ್ವನ ಮಂದಿ ಮುಂದ ಈ ಗಾಡಿ ಒದರಿತಂದ್ರ, ನೀ ಅಲ್ಲೇ ಇಳದು ನಡಕೋಂತ ನಿನ್ನ ಊರಿಗೆ ಹೋಗು."

ನಮ್ಮ ಊರು ಮಾಸೂರಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇತ್ತು. ಅಣ್ಣ ಹೊಲದಲ್ಲಿ ನಿಂತು ನಗುವುದು ಹಾನಗಲ್ಲಿನಿಂದಲೇ ನನಗೆ ಕಾಣತೊಡಗಿತು.

ಮರುದಿನ ಸವಣೂರಿನಲ್ಲಿ ಕಾದ ಇಂಜಿನ್ನಿನ ಮೇಲೆ ಬಗ್ಗಿದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಹರಳೆಣ್ಣೆ. ಮೊದಲು ಯಾರೋ ಪ್ರಯಾಣಿಕರ ತಲೆಯದು ಅಂದುಕೊಂಡೆ. ಬೆಲ್ಟು ಮುಟ್ಟಿದೆ, ಬೆರಳು ಜಾರಿತು. ಬೆಲ್ಟಿಗೆ ಎಣ್ಣೆ ಎಂದರೆ ಅದರ ಕುತ್ತಿಗೆಗೆ ಉರುಲು. ಬೇಕೆಂದೇ ಯಾರೋ ಮಾಡುತ್ತಿದ್ದಾರೆ ಎಂದು ತಲೆ ಕೆಟ್ಟುಹೋಯಿತು. ಶಿಗ್ಗಾಂವಿ ಸ್ಟ್ಯಾಂಡಿನಲ್ಲಿ ನಮ್ಮ ಜತೆ ಪೈಪೋಟಿಗೆ ಬಿದ್ದ ಇನ್ನೊಂದು ಮೋಟಾರಿನವರನ್ನು ಮನಸ್ಸಿನಲ್ಲೇ ಹೊಡೆದು ಹಣ್ಣು ಮಾಡಿದೆ. ಮರುದಿನ ಎಂದಿಗಿಂತ ಮೊದಲೇ, ಇನ್ನೂ ಕೋಳಿ ಕೂಗುವಾಗಲೇ, ರಾತ್ರಿ ಗಾಡಿ ನಿಲ್ಲುವ ಸಾವುಕಾರರ ಅಂಗಳಕ್ಕೆ ಹೋಗಿ ಹುಲ್ಲಿನ ಬಣವೆಯ ಮರೆಗೆ ನಿಂತೆ.

ಬಾನೆಟ್ ಎತ್ತಿ ನಿಂತಿದ್ದವರು ಸಾವುಕಾರರ ತಾಯಿ.

ಒಂದು ಕೈಯಲ್ಲಿ ಎತ್ತಿನ ಚಕ್ಕಡಿಯ ಕೀಲಿಗೆ ಎಣ್ಣೆ ಹಾಕುವ ಬಿದಿರಿನ ಗೊಟ್ಟ, ಇನ್ನೊಂದರಲ್ಲಿ ಕೋಳಿಯ ಗರಿ. ಗರಿಯನ್ನು ಅದ್ದಿ ಅದ್ದಿ, ಕೂಸಿನ ತಲೆಗೆ ಹಚ್ಚುವಂತೆ, ಬೆಲ್ಟಿನ ಉದ್ದಕ್ಕೂ ಸವರುತ್ತಿದ್ದರು. ಸಿಟ್ಟಿಗೆ ಹಿರಿಯರು ಕಿರಿಯರು ಗೊತ್ತಾಗುವುದಿಲ್ಲ. ಎದುರಿಗೆ ಹೋಗಿ, ನನ್ನ ಅನ್ನಕ್ಕೆ ಕಲ್ಲು ಹಾಕಿದಿರಲ್ಲ ಎಂದು ಕೂಗಾಡಿಬಿಟ್ಟೆ.

ಅವರು ಬೆದರಲಿಲ್ಲ. ಆ ಮನೆಯಲ್ಲಿ ಹನ್ನೆರಡು ಎತ್ತು, ಆರು ಚಕ್ಕಡಿ ಇದ್ದ ಕಾಲದಿಂದ ಒಂದು ಕಟ್ಟಳೆಯಿತ್ತಂತೆ. ಕೀಲು ಒಣಗಿ ಒದರುವ ಚಕ್ಕಡಿ ಅಂಗಳ ದಾಟಬಾರದು. ದಾಟಿದರೆ, ಆ ಮನೆಯಲ್ಲಿ ಎಣ್ಣೆಗೂ ಗತಿಯಿಲ್ಲ ಎಂದು ಓಣಿಯ ಮಂದಿ ಆಡಿಕೊಳ್ಳುತ್ತಾರೆ. ಗಂಡ ತೀರಿದ ಮೇಲೆ ಆ ಗೊಟ್ಟ ಅವರ ಕೈಗೆ ಬಂದಿತ್ತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನನಗೇ ತಿಳಿಹೇಳಿದರು. ಮೇಲಾಗಿ ಈ ಗಾಡಿಯಲ್ಲಿ ತವರಿಗೆ ಹೋಗಬೇಕು, ಅಲ್ಲಿ ಒದರಿದರೆ ಹೇಗೆ? ಎಣ್ಣೆ ಹಚ್ಚಿದ ದಿನ ಗಾಡಿ ಸುಮ್ಮನೆ ಹೋಗುವುದನ್ನು ಅವರು ಕಿವಿಯಾರೆ ಕೇಳಿದ್ದರು. ಸಂಜೆ ಒದರುತ್ತ ಬಂದರೆ ಎಣ್ಣೆ ಸಾಲಲಿಲ್ಲ ಎಂದುಕೊಂಡು ಮರುದಿನ ಇನ್ನಷ್ಟು ಹಚ್ಚುತ್ತಿದ್ದರು.

ನನಗೆ ನಗು ಬಂತು, ಅಳುವೂ ಬಂತು. ಅಂಗಳದ ಬಾವಿಯಲ್ಲಿ ನೀರು ಸೇದುವ ಗಡಗಡಿ ತೋರಿಸಿದೆ.

"ಅವ್ವಾರ, ಗಡಗಡಿ ಒದರಿದ್ರ ಎಣ್ಣಿ ಎಲ್ಲಿ ಹಾಕ್ತೀರಿ? ಕೀಲಿಗೋ, ಹಗ್ಗಕ್ಕೋ?"

"ಹಗ್ಗಕ್ಕ ಯಾರ ಹಾಕ್ತಾರ? ಕೊಡ ಜಾರಿ ಬಾವಿಗೆ ಬೀಳತೈತಿ."

ಅಂದವರು ಬೆಲ್ಟನ್ನು ನೋಡಿದರು, ಕೈಯಲ್ಲಿನ ಗರಿ ನೋಡಿದರು. ನಾನು ಮತ್ತೊಂದು ಮಾತು ಹೇಳಬೇಕಾಗಲಿಲ್ಲ. ಹುಬ್ಬಳ್ಳಿಯಲ್ಲಿ ಅದನ್ನು ನನ್ನ ತಲೆಗೆ ಹತ್ತಿಸಲು ಒಂದು ವಾರ ಹಿಡಿದಿತ್ತು.

ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ದಿನಾ ಸಂಜೆ ಗಾಡಿ ಊರ ಹೊರಗಿರುವಾಗಲೇ ಅದರ ಸದ್ದು ತಮಗೆ ಕೇಳುತ್ತದೆ, ಅದರಲ್ಲಿ ಎರಡು ಸದ್ದಿವೆ ಎಂದರು. ಮೇಲಿನದು ಹಗ್ಗದ್ದು ಎಂದು ಈಗ ತಿಳಿಯಿತು. ಅದರ ಕೆಳಗೆ ಇನ್ನೊಂದಿದೆ, ಅದು ಒಣಗಿದ ಕೀಲಿನದು, ಅದೇ ಮೊದಲು ಬಂದದ್ದು. ನಾನು ತುಟಿ ಕೊಂಕಿಸಿದೆ. ಮೋಟಾರು ಹತ್ತದವರು ಮೋಟಾರು ಓಡಿಸುವವನಿಗೆ ಹೇಳುವುದೆ? ಅವರ ಬಾಯಿ ಮುಚ್ಚಿಸಲೆಂದೇ ಇದ್ದಿಲು ಹೊತ್ತಿಸಿ, ಬೆಲ್ಟನ್ನು ಬಿಚ್ಚಿಟ್ಟು, ಬರಿಯ ಇಂಜಿನ್ನನ್ನು ಒಂದು ನಿಮಿಷ ಓಡಿಸಿದೆ. ಯಾವ ಸದ್ದೂ ಇಲ್ಲ. ಅಂದರೆ ತಪ್ಪು ಬೆಲ್ಟಿನಲ್ಲಿರಬೇಕು, ಇಲ್ಲವೆ ಅದು ಎಳೆಯುವ ಗಾಲಿಗಳಲ್ಲಿರಬೇಕು. ಇಂಜಿನ್ನು ನಿಲ್ಲಿಸಿ ಡೈನಮೋದ ಗಾಲಿಯನ್ನು ಕೈಯಿಂದ ತಿರುಗಿಸಿದೆ, ನುಣ್ಣಗೆ ತಿರುಗಿತು. ಫ್ಯಾನು ತಿರುಗಿಸಿದೆ, ಅದೂ ತಿರುಗಿತು. ನೋಡಿದಿರಾ ಎಂಬಂತೆ ಅವರ ಮುಖ ನೋಡಿದೆ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಎಡಗೈಯನ್ನು ಪಂಪಿನ ಮೈಮೇಲೆ ಒತ್ತಿ, ಬಲಗೈಯಿಂದ ಫ್ಯಾನನ್ನು ಬಹಳ ನಿಧಾನ ತಿರುಗಿಸಿದರು. ಕಣ್ಣು ಮುಚ್ಚಿದ್ದರು.

"ಇಲ್ಲಿ. ತಡದ ತಡದ ತಿರಗತೈತಿ ನೋಡು. ಇದಕ್ಕ ಎಣ್ಣಿ ಮುಟ್ಟಿಲ್ಲ ತಮ್ಮಾ."

ನಾನೂ ಕೈಯಿಟ್ಟೆ. ಕಲ್ಲಿನ ಮೇಲೆ ಕಲ್ಲು ಸವೆದಂತೆ, ಬಲು ಸಣ್ಣಗೆ, ಒಳಗೇನೋ ಕಡಿಯುತ್ತಿತ್ತು. ಪಂಪಿಗೊಂದು ಗ್ರೀಸಿನ ಕಪ್ಪು, ಸಣ್ಣ ಬಟ್ಟಲಿನಂಥದು, ಇರುತ್ತದೆ. ದಿನಕ್ಕೊಮ್ಮೆ ಅದನ್ನು ತಿರುಗಿಸಿ ಗ್ರೀಸನ್ನು ಒಳಗೆ ಒತ್ತಬೇಕು. ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಕಪ್ಪು ಬಿಚ್ಚಿ ನೋಡಿದರೆ ಗ್ರೀಸು ಒಳಹೋಗುವ ತೂತು ಹಳೆಯ ಜಿಡ್ಡು ಗಟ್ಟಿಯಾಗಿ ಮುಚ್ಚಿಹೋಗಿತ್ತು. ಎಷ್ಟು ತಿಂಗಳಿಂದ ನಾನು ಗೋಡೆಗೆ ಗ್ರೀಸು ತಿನ್ನಿಸುತ್ತಿದ್ದೆನೋ! ಒಣಗಿದ ಪಂಪು ಬಿಗಿ ಹಿಡಿದಿತ್ತು, ಅದನ್ನು ಎಳೆಯಲಾರದೆ ಬೆಲ್ಟು ಜಾರಿ ಒದರಿತ್ತು. ನನ್ನ ತಂಬಿಗೆಯ ಪರೀಕ್ಷೆ ಸುಳ್ಳಲ್ಲ. ಬೆಲ್ಟು ಯಾಕೆ ಜಾರಿತು ಎಂದು ಕೇಳದೆ ಎದ್ದುಬಂದವನು ನಾನು. ಗಾಡಿ ಎಣ್ಣೆ ಕೇಳುತ್ತಿದೆ ಎಂದು ಆ ಮುದುಕಿ ಮೊದಲ ದಿನವೇ ತಿಳಿದಿದ್ದರು, ಹಾಕುವ ಜಾಗ ಮಾತ್ರ ತಪ್ಪಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬುದು ನನಗೇ ಹೇಳಿದ ಮಾತು. ನನಗೆ ಬಹಳ ನಾಚಿಕೆಯಾಯಿತು.

ತಂತಿಯಿಂದ ತೂತು ಬಿಡಿಸಿದೆ. ಅವರು ತಾವೇ ಕಪ್ಪು ತಿರುಗಿಸಿ, ಗ್ರೀಸು ಆಚೆ ತುದಿಯಲ್ಲಿ ಇಣುಕುವವರೆಗೂ ಬಿಡಲಿಲ್ಲ. ಬೆಲ್ಟನ್ನು ಮೂರು ಸಲ ಅಂಟುವಾಳದಲ್ಲಿ ತೊಳೆದೆವು. ಆಮೇಲೆ ಗಾಡಿ ಶಿಗ್ಗಾಂವಿ, ಸವಣೂರಿಗೆ ಹೋಗಿ ತಣ್ಣಗೆ ಮರಳಿತು. ಏನಾಗಿತ್ತು ಎಂದು ಸಾವುಕಾರರು ಕೇಳಿದರು. ಪಂಪಿನ ಕೀಲು ಒಣಗಿತ್ತು, ನನಗೆ ತಿಳಿಯಲಿಲ್ಲ, ಕೈಯಿಟ್ಟು ಹೇಳಿದವರು ನಿಮ್ಮ ತಾಯಿ ಎಂದೆ. ಹರಳೆಣ್ಣೆಯ ಮಾತು ಎತ್ತಲಿಲ್ಲ. ಅವರು ನಂಬಲಿಲ್ಲ. ಮಾಸೂರಿಗೆ ಹೋಗಿ ನೋಡೋಣ ಎಂದಷ್ಟೇ ಅಂದರು.

ಮದುವೆಯ ದಿನ ತಾಯಿ ನನ್ನ ಪಕ್ಕದ ಸೀಟಿನಲ್ಲಿ, ಮಗ ಆಚೆ ಕಡೆ. ಹಿರೇಕೆರೂರು ದಾಟುವವರೆಗೂ ಆ ತಾಯಿ ಒಂದು ಹೊಲವನ್ನೂ ಗಿಡವನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಇಂಜಿನ್ನು ಕೇಳುತ್ತಿದ್ದರು. ಮಾಸೂರಿನ ಹತ್ತಿರ ಮದಗದ ಕೆರೆಯ ಕಾಲುವೆಯ ನೀರು ಒಡೆದು ದಾರಿಗೆ ಅಡ್ಡ ಹರಿದಿತ್ತು. ನಿಧಾನ ಇಳಿಸಬೇಕಿತ್ತು, ಮದುವೆಯ ಹಂದರ ಕಂಡ ಹುಮ್ಮಸ್ಸಿನಲ್ಲಿ ಜೋರಾಗಿ ಇಳಿಸಿದೆ. ನೀರು ಬಾನೆಟ್ಟಿನ ಒಳಗೆಲ್ಲ ಚಿಮ್ಮಿತು. ಹಂದರದ ಮುಂದೆ, ಬೀಗರು ನೆಂಟರು ಎಲ್ಲ ಎದ್ದು ನಿಂತು ನೋಡುವಾಗ, ಗಾಡಿ ಕಿರ್ರೆಂದು ಒದರತೊಡಗಿತು.

ಸಾವುಕಾರರು ನನ್ನ ಕಡೆ ತಿರುಗಲೂ ಇಲ್ಲ. ನಾನು ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಅಷ್ಟರಲ್ಲಿ ಅವರ ತಾಯಿಯ ತಮ್ಮ, ಮದುವೆ ಮನೆಯ ಯಜಮಾನ, ಅಕ್ಕನ ಗಾಡಿ ಒದರುವುದು ಕೇಳಲಾರದೆ ಚಕ್ಕಡಿಯ ಎಣ್ಣೆ ಗೊಟ್ಟ ಹಿಡಿದು ಓಡಿಬಂದು ಬಾನೆಟ್ ಎತ್ತಿಬಿಟ್ಟರು. ಗರಿ ಬೆಲ್ಟು ಮುಟ್ಟುವ ಮೊದಲೇ ಆ ಮುದುಕಿ ಇಳಿದು ಹೋಗಿ ತಮ್ಮನ ಮಣಿಕಟ್ಟು ಹಿಡಿದರು.

"ಬ್ಯಾಡ. ಇದು ಕೀಲಿನ ಸದ್ದಲ್ಲ, ಹಗ್ಗದ ಸದ್ದು. ನೀರು ಬಿದ್ದೈತಿ, ಆರಿದ್ರ ತಾನ ಸುಮ್ಮನಾಗತೈತಿ. ಇದಕ್ಕ ಎಣ್ಣಿ ಹಚ್ಚಿ ಹಚ್ಚಿ ನಾನ ಕೆಡಿಸಿದ್ನಿ. ಈ ಹುಡುಗ ಬೈಸಿಕೊಂಡ, ನನ್ನ ತಪ್ಪು ಹೇಳಲಿಲ್ಲ."

ತವರಿನ ಮಂದಿಯ ನಡುವೆ, ಮಗನ ಎದುರಿಗೆ, ಅಷ್ಟು ಗಟ್ಟಿಯಾಗಿ ಹೇಳಿದರು. ಎಲ್ಲರೂ ನಿಂತು ಇಂಜಿನ್ನಿನ ಸದ್ದನ್ನೇ ಕೇಳಿದೆವು. ಒದರಾಟ ಸಣ್ಣದಾಯಿತು, ನಡುನಡುವೆ ನಿಂತಿತು, ಆಮೇಲೆ ಇಲ್ಲವೇ ಇಲ್ಲ. ಮದುವೆಯ ಮನೆ ಯಜಮಾನರು ಗರಿಯನ್ನು ಮೆಲ್ಲಗೆ ಗೊಟ್ಟದೊಳಗೆ ಇಳಿಸಿದರು. ಅಕ್ಕನ ಮುಖವನ್ನು ಅವರು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಮುದುಕಿ ಸೆರಗು ಸರಿಮಾಡಿಕೊಂಡು ತಮ್ಮ ತವರಿನ ಅಂಗಳದಲ್ಲಿ ನೆಟ್ಟಗೆ ನಿಂತಿದ್ದರು.

ನನ್ನ ಕೈ ಇನ್ನೂ ಹಿಡಿಕೆಯ ಮೇಲೇ ಇತ್ತು. ಸಾವುಕಾರರು ಆಗ ನನ್ನನ್ನು ನೋಡಿದರು.

"ಯಾಕ ಇಳೀತಿ? ಗಾಡಿ ನೆರಳಿಗೆ ಹಚ್ಚು. ಸಂಜೀಕ ಅವ್ವನ್ನ ಮನಿಗೆ ಕರಕೊಂಡು ಹೋಗಬೇಕು."