ಒಂದೇ ತಾಳದ ಕ್ಯಾಸೆಟ್ಟು

ಅದು ಚಿಂತಾಮಣಿಯೋ ಶಿಡ್ಲಘಟ್ಟವೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ತೊಂಬತ್ತರ ದಶಕ. ಬಸ್ಸು ಬಾರದೆ ಚಡಪಡಿಸುತ್ತ ನಿಲ್ದಾಣದೆದುರಿನ ಕ್ಯಾಸೆಟ್ ಅಂಗಡಿಗೆ ಹೋಗಿ ನಿಂತೆ. ಆಟೋ ಓಡಿಸುವವನೊಬ್ಬ ಅಂಗಡಿಯ ಅನ್ವರ್ ಸಾಹೇಬರ ಮೇಲೆ ರೇಗುತ್ತಿದ್ದ. ದುಬೈಯಿಂದ ಬಂದಿದ್ದ ಭಾವನ ಬಳಿಯಿದ್ದ ಜಮೈಕಾ ಹಾಡುಗಳ ಕ್ಯಾಸೆಟ್ಟನ್ನು ಅವನು ಇಲ್ಲಿ ಕಾಪಿ ಮಾಡಿಸಿದ್ದ. ಮೂಲ ಕ್ಯಾಸೆಟ್ಟು ಭಾವನ ಜೊತೆ ವಾಪಸ್ಸು ಹೋಗಿತ್ತು.

"ಹಾಡೋರು ಬೇರೆ ಬೇರೆ, ಮ್ಯೂಸಿಕ್ ಎಲ್ಲಾದಕ್ಕೂ ಒಂದೇ! ಏನ್ ಕಲಸಿಬಿಟ್ರಿ ಸಾಬ್ರೇ?"

"ಅಲ್ಲಾ ಆಣೆ ಕಣಪ್ಪ, ಇದ್ದಂಗೇ ಇಳಿಸಿದೀನಿ. ನನ್ ಅಂಗಡಿ ಹೆಸರು ಕೆಡಿಸ್ಬೇಡ."

ಸಾಹೇಬರು ಅದನ್ನು ಸ್ಪೀಕರಿಗೆ ಹಾಕಿದರು. ಒಬ್ಬ ಗದರುವಂತೆ ಹಾಡಿದ, ಆಮೇಲೆ ಹೆಂಗಸೊಬ್ಬಳು ಹಾಡಿದಳು. ಇಬ್ಬರ ಹಿಂದೆಯೂ ಅದೇ ಡ್ರಮ್ಮಿನ ಬಡಿತ.

"ಬ್ಯಾಂಡಿನೋರಿಗೆ ಬರೋದೇ ಅದೊಂದೇನೋ!" ಎಂದು ಬಸ್ಸಿಗೆ ಕಾಯುತ್ತಿದ್ದ ಯಾರೋ ಕೂಗಿದರು. ಎಲ್ಲರೂ ನಕ್ಕರು.

"ನೀವಾದ್ರೂ ಹೇಳಿ ಸಾರ್," ಎಂದರು ಸಾಹೇಬರು ನನ್ನತ್ತ ತಿರುಗಿ. ನನಗೆ ಗೊತ್ತಿರಲಿಲ್ಲ. ಅವರು ಗಿರಾಕಿಯ ಸಮಾಧಾನಕ್ಕೆ ಅದೇ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಲು ಗುಂಡಿ ಒತ್ತಿದರು. ಅಷ್ಟರಲ್ಲಿ ನನ್ನ ಬಸ್ಸು ಬಂತು.

ಆಮೇಲೆ ವಿಚಾರಿಸಿ ಖಚಿತಪಡಿಸಿಕೊಂಡದ್ದು ಒಂದೇ: ಜಮೈಕಾದ ಡಾನ್ಸ್‌ಹಾಲ್ ಸಂಗೀತದಲ್ಲಿ ರಿಡಿಮ್ ಎಂಬ ಒಂದೇ ವಾದ್ಯಸಂಗೀತಕ್ಕೆ ಹಲವು ಗಾಯಕರು ತಂತಮ್ಮ ಹಾಡು ಹಾಡುತ್ತಾರೆ, ಅವನ್ನೆಲ್ಲ ಒಟ್ಟಿಗೇ ಹೊರತರುವುದು ಅಲ್ಲಿನ ವಾಡಿಕೆ.