ವಾಸನೆಗೊಂದು ರಿಯಾಯಿತಿ

ದಾಂಡೇಲಿಯಲ್ಲಿ ನಾವು ಹಿಡಿದ ಬಾಡಿಗೆ ಮನೆ, ಕಾಗದದ ಮಿಲ್ಲಿನ ಗಾಳಿ ನೇರವಾಗಿ ಬಡಿಯುವ ಕಡೆಗಿತ್ತು. ಕೊಳೆತ ಎಲೆಕೋಸಿನಂಥ ಆ ವಾಸನೆಗಾಗಿಯೇ ಬಾಡಿಗೆಯಲ್ಲಿ ನೂರು ರೂಪಾಯಿ ಕಡಿಮೆ. ಮಿಲ್ಲಿನಲ್ಲೇ ದುಡಿಯುತ್ತಿದ್ದ ನನ್ನ ಗಂಡನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಾನು ಮಾತ್ರ ಮೊದಲ ತಿಂಗಳೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡೇ ರೊಟ್ಟಿ ಬಡಿದೆ. ಉಳಿದ ನೂರನ್ನು ತಿಂಗಳು ತಿಂಗಳು ಅಂಚೆ ಕಚೇರಿಯ ಆರ್‌.ಡಿ.ಗೆ ಕಟ್ಟಿದೆ. ಕಟ್ಟುತ್ತ ಕಟ್ಟುತ್ತ ನನ್ನ ಮೂಗಿಗೂ ವಾಸನೆ ರೂಢಿಯಾಗಿ, ಬರುವುದೇ ನಿಂತುಹೋಯಿತು.

ವರ್ಷ ತುಂಬಿದಾಗ ಮನೆಯ ಮಾಲಕರು ಬಂದರು. ಚಹಾ ಕುಡಿಯುತ್ತ, "ವಾಸನಿ ಭಾಳ ಬರತೈತೇನ್ರಿ ಅಕ್ಕಾರ?" ಎಂದು ಮರುಕದಿಂದ ಕೇಳಿದರು.

ಗುಡಿಸಿ ಒರೆಸಿ ಕನ್ನಡಿಯಂತೆ ಇಟ್ಟ ಮನೆಗೆ ವಾಸನೆ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? "ಎಲ್ಲಿ ವಾಸನಿರೀ? ನಮ್ಮ ಮನ್ಯಾಗ ಏನೂ ಬರೂದಿಲ್ಲ!" ಎಂದೆ.

"ಹಂಗಾದ್ರ ಮುಂದಿನ ತಿಂಗಳಿಂದ ಎಲ್ಲಾರಂಗ ಪೂರ್ತಿ ಬಾಡಿಗಿ ಕೊಡ್ರಿ," ಎಂದು ಅವರು ಕಪ್ಪು ಕೆಳಗಿಟ್ಟು ಎದ್ದರು.

ಗಂಡ ನನ್ನನ್ನು ದುರುಗುಟ್ಟಿ ನೋಡಿದ. ಪೂರ್ತಿ ಬಾಡಿಗೆ ಎಣಿಸಿ ಕೊಟ್ಟ ದಿನ, ತಿಂಗಳುಗಟ್ಟಲೆ ಇಲ್ಲದ ಮಿಲ್ಲಿನ ವಾಸನೆ ಗಪ್ಪನೆ ಬಂದು ನನ್ನ ಮೂಗಿಗೆ ಬಡಿಯಿತು.